ಪುಡಿಯಿಂದ ಬಿಡಿಭಾಗ: ಯಂತ್ರ ಕೊಳ್ಳುವುದೋ, ನಕ್ಷೆ ಕೂಡಿಡುವುದೋ?

ಬರುವ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಯಂತ್ರಗಳ ಬಿಡಿಭಾಗದ ವಿಷಯವೂ ಸೇರಿರುವುದನ್ನು ಸದಸ್ಯ ಬಾಂಧವರು ಗಮನಿಸಿರಬಹುದು. ಸಂಘದ ಕಟ್ಟಡ ನಿಧಿಯಿಂದ ಹಣ ತೆಗೆದು, ಪುಡಿಯನ್ನು ಪದರ ಪದರವಾಗಿ ಹಾಸಿ ವಸ್ತುಗಳನ್ನು ಮುದ್ರಿಸುವ ಯಂತ್ರವೊಂದನ್ನು ಕೊಳ್ಳೋಣ, ಪಲ್ಪರಿನ ಗೇರಿನಿಂದ ಹಿಡಿದು ಔಷಧಿ ಪಂಪಿನ ವಾಲ್ವಿನವರೆಗೆ ಎಲ್ಲವನ್ನೂ ನಾವೇ ಮಾಡಿಕೊಳ್ಳೋಣ ಎಂಬುದು ಕೆಲವು ತರುಣ ಸದಸ್ಯರ ಸಲಹೆ. ಸಲಹೆಯ ಹಿಂದಿರುವ ಕಷ್ಟ ನಿಜವಾದದ್ದು. ಆದರೆ ಯಂತ್ರ ಕೊಳ್ಳುವುದು ಬೇಡವೆಂದೇ ನನ್ನ ಅಭಿಪ್ರಾಯ. ಇದು ಆಡಳಿತ ಮಂಡಲಿಯ ತೀರ್ಮಾನವಲ್ಲ, ನನ್ನ ಸ್ವಂತ ವಿಚಾರ. ಸಭೆಯಲ್ಲಿ ಐದು ನಿಮಿಷದೊಳಗೆ ಹೇಳಿ ಮುಗಿಸಲಾಗದ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಷ್ಟವೇನೆಂಬುದು ತಮಗೆಲ್ಲ ಗೊತ್ತಿದ್ದದ್ದೇ. ಕುಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡಬೇಕು. ಹಣ್ಣು ರಾಶಿಯಲ್ಲೇ ಉಳಿದರೆ ಕಾವೇರಿ, ಹುಳಿ ಹಿಡಿದು, ಪಾರ್ಚ್‌ಮೆಂಟಿನ ಗುಣ ಕೆಡುತ್ತದೆ. ಹೀಗಿರುವಾಗ ಕುಯ್ಲಿನ ನಡುವೆ ಪಲ್ಪರಿನ ಒಂದು ಗೇರು ಹಲ್ಲು ಮುರಿದುಕೊಂಡಿತೆಂದರೆ ಆ ತೋಟದ ರೈಟರಿಗೂ ಮಾಲೀಕರಿಗೂ ನಿದ್ದೆಯಿಲ್ಲ. ನಮ್ಮಲ್ಲಿ ಅಜ್ಜಂದಿರ ಕಾಲದ ಪಲ್ಪರುಗಳು ಇನ್ನೂ ಓಡುತ್ತಿವೆ. ಸ್ಕಾಟ್ಲೆಂಡಿನ ಅಬರ್ಡೀನಿನಿಂದ ಬಂದ ಮೆಕಿನ್ನನ್ ಯಂತ್ರಗಳೂ ಕೆಲವಿವೆ. ಅವುಗಳ ಮೈ ಇನ್ನೂ ಗಟ್ಟಿ, ಸವೆದಿರುವುದು ಹಲ್ಲು ಮಾತ್ರ. ಅಡಿಕೆ ಸುಲಿಯುವ ಯಂತ್ರಗಳ ಕಥೆ ಬೇರೆ. ಅವು ಹೊಸವು, ಆದರೆ ಮಾಡಿದ ವರ್ಕ್‌ಶಾಪು ನಾಲ್ಕು ವರ್ಷದಲ್ಲಿ ಬಾಗಿಲು ಹಾಕಿರುತ್ತದೆ, ಒಬ್ಬರ ಅಳತೆ ಇನ್ನೊಬ್ಬರದಕ್ಕೆ ಕೂಡುವುದಿಲ್ಲ. ಫೌಂಡ್ರಿಗೆ ಹೋದರೆ ಮೊದಲು ಮರದ ಪ್ಯಾಟರ್ನ್ ತನ್ನಿ ಎನ್ನುತ್ತಾರೆ. ಅದನ್ನು ಕೆತ್ತಬಲ್ಲ ಆಚಾರಿಗಳು ಕಡಿಮೆಯಾಗಿದ್ದಾರೆ, ಸಿಕ್ಕಿದರೂ ಒಂದು ಗೇರಿಗೆ ಪ್ಯಾಟರ್ನಿನ ಖರ್ಚೇ ಗೇರಿನ ಖರ್ಚನ್ನು ಮೀರುತ್ತದೆ.

ಈಗ ಮುದ್ರಣದ ಮಾತು. ಕಾಲೇಜುಗಳಲ್ಲಿ ಮಕ್ಕಳು ಪ್ಲಾಸ್ಟಿಕ್ ದಾರವನ್ನು ಕರಗಿಸಿ ಸುತ್ತಿ ಬೊಂಬೆ ಮಾಡುವ ಚಿಕ್ಕ ಯಂತ್ರವನ್ನು ಕೆಲವರು ನೋಡಿರಬಹುದು. ನಾನು ಹೇಳುತ್ತಿರುವುದು ಅದಲ್ಲ. ಕಾರ್ಖಾನೆಯ ಪುಡಿ ಮುದ್ರಣದಲ್ಲಿ ಒಂದು ಪೆಟ್ಟಿಗೆಯೊಳಗೆ ಪುಡಿಯನ್ನು ಕೂದಲೆಳೆಯಷ್ಟು ತೆಳುವಾಗಿ ಹಾಸುತ್ತಾರೆ. ಬೇಕಾದ ಆಕಾರದ ಆ ಮಟ್ಟದ ಪದರವೆಷ್ಟೋ ಅಷ್ಟನ್ನು ಮಾತ್ರ ಗಟ್ಟಿಮಾಡುತ್ತಾರೆ. ಅದರ ಮೇಲೆ ಮತ್ತೊಂದು ಹಾಸು, ಮತ್ತೆ ಗಟ್ಟಿಮಾಡುವುದು. ಹೀಗೆ ನೂರಾರು, ಸಾವಿರಾರು ಸಲ. ಕೊನೆಗೆ ಪೆಟ್ಟಿಗೆಯ ಸಡಿಲ ಪುಡಿಯನ್ನು ಕೊಡವಿದರೆ ಒಳಗಿನಿಂದ ವಸ್ತು ಹೊರಬರುತ್ತದೆ. ಎಲ್ಲ ವಿಧಾನಗಳಿಗೂ ಇಷ್ಟು ಸಮಾನ. ಗಟ್ಟಿಮಾಡುವುದು ಲೇಸರ್ ಕಿರಣದಿಂದಲೋ, ದೀಪದ ಶಾಖದಿಂದಲೋ, ಅಂಟಿನಿಂದಲೋ, ಮತ್ತು ಪುಡಿ ನೈಲಾನಿನದೋ, ಲೋಹದ್ದೋ, ಮರಳೋ ಎಂಬುದರ ಮೇಲೆ ಗುಣದೋಷಗಳು ಬೇರೆಯಾಗುತ್ತವೆ. ‘ಪ್ರಿಂಟಿಂಗ್ ಮೆಷೀನು’ ಎಂದು ಒಂದೇ ಹೆಸರಿನಲ್ಲಿ ಮಾತಾಡುವುದರಿಂದಲೇ ನಮ್ಮ ಚರ್ಚೆ ಗೊಂದಲವಾಗಿದೆ. ಗದ್ದೆ ಉಳುವುದಕ್ಕೂ ಜನ ಸಾಗಿಸುವುದಕ್ಕೂ ‘ಒಂದು ಗಾಡಿ ತರೋಣ’ ಎಂದಹಾಗೆ.

ನೈಲಾನ್ ಪುಡಿಯನ್ನು ಲೇಸರಿನಿಂದ ಬೆಸೆಯುವುದು ಇವುಗಳಲ್ಲಿ ಹಳೆಯದು. ಅಮೆರಿಕದ ಆಸ್ಟಿನ್ ನಗರದಲ್ಲಿ, ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಾರ್ಲ್ ಡೆಕಾರ್ಡ್ ಮತ್ತು ಅವರ ಗುರು ಜೋ ಬೀಮನ್ ಇದನ್ನು ರೂಪಿಸಿ 1986ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಪೆಟ್ಟಿಗೆಯನ್ನು ನೈಲಾನ್ ಕರಗುವುದಕ್ಕೆ ಸ್ವಲ್ಪವೇ ಕಡಿಮೆ ಶಾಖದಲ್ಲಿ, ಸುಮಾರು 170 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ಲೇಸರ್ ಕಿರಣ ಮುಟ್ಟಿದ ಕಡೆ ಮಾತ್ರ ಕಣಗಳು ಕರಗಿ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಸುತ್ತಲಿನ ಸಡಿಲ ಪುಡಿಯೇ ವಸ್ತುವನ್ನು ಹೊತ್ತು ನಿಲ್ಲುವುದರಿಂದ ಬೇರೆ ಆಧಾರ ಬೇಡ. ಒಳಗೆ ಎಂಥ ತಿರುವು ಪೊಳ್ಳು ಇದ್ದರೂ ಆಗುತ್ತದೆ. ಇದು ದೊಡ್ಡ ಅನುಕೂಲ. ಒಂದೇ ಪೆಟ್ಟಿಗೆಯಲ್ಲಿ ಹತ್ತು ಮನೆಯ ಹತ್ತು ಬಗೆಯ ಭಾಗಗಳನ್ನು ಒಂದರ ಮೇಲೊಂದು ತುಂಬಿಸಬಹುದು. ಆದರೆ ಮುದ್ರಣ ಮುಗಿದ ಮೇಲೆ ಪೆಟ್ಟಿಗೆ ತಣಿಯಲು, ಮುದ್ರಿಸಲು ಹಿಡಿದಷ್ಟೇ ಹೊತ್ತು ಕಾಯಬೇಕಾಗಬಹುದು. ಅವಸರಪಟ್ಟು ತೆರೆದರೆ ವಸ್ತು ಸೊಟ್ಟಗಾಗುತ್ತದೆ. ಇನ್ನೊಂದು ತೊಂದರೆ, ಬೆಸೆಯದೆ ಉಳಿದ ಪುಡಿಯೂ ಅಷ್ಟು ಹೊತ್ತು ಕಾದು ಮುಪ್ಪಾಗಿರುತ್ತದೆ. ಅದಕ್ಕೆ ಅರ್ಧದಷ್ಟು ಹೊಸ ಪುಡಿ ಬೆರೆಸಿಯೇ ಮತ್ತೆ ಬಳಸುವುದು ವಾಡಿಕೆ. ಬೆರಕೆ ತಪ್ಪಿದರೆ ವಸ್ತುವಿನ ಮೈ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾಗುತ್ತದೆ.

ಲೇಸರಿನ ಬದಲು ದೀಪ ಬಳಸುವುದು ಇದರ ಮುಂದಿನ ಹೆಜ್ಜೆ. ಅಮೆರಿಕದ ಎಚ್‌ಪಿ ಕಂಪನಿ, ನಮ್ಮ ಆಫೀಸಿನ ಪ್ರಿಂಟರುಗಳ ಹೆಸರಿನ ಕಂಪನಿಯೇ, 2016ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಗಟ್ಟಿಯಾಗಬೇಕಾದ ಕಡೆ ಕಪ್ಪು ದ್ರವವನ್ನೂ, ಅಂಚು ಚೊಕ್ಕಟವಾಗಿ ಉಳಿಯಬೇಕಾದ ಕಡೆ ಇನ್ನೊಂದು ದ್ರವವನ್ನೂ ಸಿಂಪಡಿಸಿ, ಮೇಲಿಂದ ಶಾಖದ ದೀಪ ಹಾಯಿಸುತ್ತಾರೆ. ಬಿಸಿಲಿನಲ್ಲಿ ಕರಿ ಕಂಬಳಿ ಬೇಗ ಕಾಯುವ ಹಾಗೆ ಕಪ್ಪು ಭಾಗ ಶಾಖ ಹೀರಿ ಕರಗುತ್ತದೆ. ಲೇಸರು ಪ್ರತಿ ವಸ್ತುವಿನ ಮೇಲೂ ಗೆರೆ ಎಳೆಯುತ್ತಾ ಹೋಗಬೇಕು, ವಸ್ತು ಹೆಚ್ಚಿದಷ್ಟೂ ಹೊತ್ತು ಹೆಚ್ಚು. ದೀಪಕ್ಕೆ ಹಾಗಿಲ್ಲ, ಪೆಟ್ಟಿಗೆಯಲ್ಲಿ ಒಂದಿದ್ದರೂ ನೂರಿದ್ದರೂ ಒಂದು ಪದರಕ್ಕೆ ಹಿಡಿಯುವ ಹೊತ್ತು ಒಂದೇ. ಉಳಿದ ಪುಡಿಯ ನೂರಕ್ಕೆ 80 ಪಾಲನ್ನು ಮತ್ತೆ ಬಳಸಬಹುದೆಂದು ಕಂಪನಿ ಹೇಳುತ್ತದೆ. ಹಾಗಾಗಿ ಪೆಟ್ಟಿಗೆ ತುಂಬ ಸಣ್ಣ ಸಣ್ಣ ಭಾಗಗಳಿದ್ದರೆ ದೀಪ ಮೇಲು. ಬೇರೆ ಬೇರೆ ಜಾತಿಯ ಪುಡಿ ಬೇಕು, ಬಿಳಿಯ ವಸ್ತು ಬೇಕು ಎಂದರೆ ಲೇಸರು ಮೇಲು. ದೀಪದ ವಸ್ತು ಬೂದುಗಪ್ಪಾಗಿಯೇ ಬರುತ್ತದೆ. ಔಷಧಿ ಪಂಪಿನ ವಾಲ್ವು ಯಾವ ಬಣ್ಣದ್ದಾದರೇನು!

ನಮಗೆ ಇದರಿಂದ ಏನುಪಯೋಗ? ನನ್ನ ಲೆಕ್ಕದಲ್ಲಿ ಸಾಕಷ್ಟಿದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ಕಬ್ಬಿಣವನ್ನೂ ಅಲ್ಯೂಮಿನಿಯಮನ್ನೂ ತಿನ್ನುತ್ತದೆ, ಸುಣ್ಣ ಸರಿಯಾಗಿ ಸೇರಿದ ದ್ರಾವಣ ನೈಲಾನಿಗೆ ಅಂಥದ್ದೇನೂ ಮಾಡುವುದಿಲ್ಲ. ಪಂಪಿನ ಹಿಡಿ, ಮುಚ್ಚಳ, ಜಾಲರಿಯ ಗೂಡು, ದೋಟಿಯ ಕೂಡುಭಾಗ, ಸುಲಿಯುವ ಯಂತ್ರದ ಹಗುರ ಗೇರು, ಇವೆಲ್ಲ ನೈಲಾನಿನಲ್ಲಿ ಆಗುವಂಥವು. ಪೆಟ್ಟು ತಾಳಬೇಕಾದ ದೋಟಿಯಂಥದಕ್ಕೆ ನೈಲಾನ್ 12ರ ಬದಲು ನೈಲಾನ್ 11 ಒಳ್ಳೆಯದು. ಅದನ್ನು ಮಾಡುವುದು ಹರಳೆಣ್ಣೆಯಿಂದ. ಹರಳು ಬೆಳೆಯುವುದರಲ್ಲಿ ಜಗತ್ತಿಗೇ ಮೊದಲಿನವರು ನಾವು, ಅದರಲ್ಲೂ ಗುಜರಾತಿನ ರೈತರು. ಬೀಜ ಇಲ್ಲಿಯದು, ಪುಡಿಯ ಬೆಲೆ ಮಾತ್ರ ಪರದೇಶದ್ದು. ಕಾಫಿ ಬೆಳೆದವರಿಗೆ ಈ ಲೆಕ್ಕ ಹೊಸದಲ್ಲ. ಒತ್ತಡದ ನೀರು ಹಾಯುವ ಕಡೆ ಎಚ್ಚರ ಬೇಕು. ಮುದ್ರಿಸಿದ ನೈಲಾನಿನಲ್ಲಿ ಸೂಕ್ಷ್ಮ ರಂಧ್ರಗಳಿರಬಹುದು, ಗೋಡೆ ತೆಳುವಾದರೆ ನೀರು ಒಸರುತ್ತದೆ. ಪಲ್ಪರಿನಲ್ಲಿ ಹಣ್ಣು ನೇರವಾಗಿ ತಾಗುವ ಕಡೆಗೂ ಇದನ್ನು ನಾನು ಒಪ್ಪುವುದಿಲ್ಲ. ಮೈ ದೊರಗಾಗಿರುವುದರಿಂದ ಲೋಳೆ ಹಿಡಿದು ಕೂತರೆ ತೊಳೆಯುವುದು ಕಷ್ಟ.

ಲೋಹದ ಪುಡಿಯನ್ನು ಲೇಸರಿನಿಂದ ಕರಗಿಸುವುದು ಎಲ್ಲರ ಬಾಯಲ್ಲೂ ಇರುವ ವಿಧಾನ. ಹೆಮ್ಮೆಪಡಲು ಕಾರಣವೂ ಇದೆ. 2024ರ ಮೇ 9ರಂದು ಇಸ್ರೋ ಸಂಸ್ಥೆ ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನ್ನನ್ನು ಈ ರೀತಿ ಮಾಡಿಸಿ 665 ಸೆಕೆಂಡು ಉರಿಸಿ ನೋಡಿತು. ಮುದ್ರಿಸಿದ್ದು ಬೆಂಗಳೂರಿನ ವಿಪ್ರೋ 3ಡಿ. ಮೊದಲು 14 ಭಾಗಗಳಲ್ಲಿದ್ದದ್ದು ಒಂದೇ ತುಂಡಾಯಿತು, 19 ಬೆಸುಗೆಗಳು ಉಳಿದವು, 565 ಕಿಲೋ ಕಚ್ಚಾ ಲೋಹ ಬೇಕಿದ್ದ ಕಡೆ 13.7 ಕಿಲೋ ಪುಡಿ ಸಾಕಾಯಿತು. ಇದನ್ನು ಓದಿದವರು ನಮ್ಮ ಗೇರನ್ನೂ ಹೀಗೆ ಮಾಡಿಸಬಾರದೇ ಎಂದು ಕೇಳುವುದು ಸಹಜ.

ಬಾರದು ಎನ್ನಲು ಕಾರಣಗಳಿವೆ. ಇಲ್ಲಿ ಪದರ ನೈಲಾನಿನದಕ್ಕಿಂತಲೂ ತೆಳು, ಮಿಲಿಮೀಟರಿನ ನೂರನೆಯ ಮೂರರಿಂದ ಆರು ಪಾಲು. ಕರಗಿದ ಲೋಹ ತಟ್ಟನೆ ಹೆಪ್ಪುಗಟ್ಟುವಾಗ ಒಳಗೆ ಸೆಳೆತ ಹುಟ್ಟಿ ವಸ್ತು ಮೇಲಕ್ಕೆ ಬಾಗುತ್ತದೆ. ಆದ್ದರಿಂದ ಅದನ್ನು ತಳದ ದಪ್ಪ ಹಲಗೆಗೆ ಲೋಹದ ಊರುಗೋಲುಗಳಿಂದ ಬಿಗಿದಿರಬೇಕು. ನೈಲಾನಿನಲ್ಲಿ ಬೇಡವಾಗಿದ್ದ ಆಧಾರ ಇಲ್ಲಿ ಬೇಕೇ ಬೇಕು. ಮುಗಿದ ಮೇಲೆ ಕುಲುಮೆಯಲ್ಲಿ ಹದಮಾಡಬೇಕು, ಹಲಗೆಯಿಂದ ಕೊಯ್ಯಬೇಕು, ಊರುಗೋಲು ಕೀಳಬೇಕು, ಲೇತಿಗೆ ಹಾಕಬೇಕು. ಪೆಟ್ಟಿಗೆಯಲ್ಲಿ ಆರ್ಗಾನ್ ಅಥವಾ ನೈಟ್ರೋಜನ್ ಅನಿಲ ತುಂಬಿರಬೇಕು. ಅಲ್ಯೂಮಿನಿಯಮ್, ಟೈಟಾನಿಯಮ್ ಪುಡಿ ಗಾಳಿಯಲ್ಲಿ ಎದ್ದರೆ ಒಂದು ಕಿಡಿಗೆ ಸಿಡಿಯುವಂಥ ವಸ್ತು. ಗೊಬ್ಬರದ ಗೋದಾಮಿನ ಪಕ್ಕದಲ್ಲಿ ಅದನ್ನು ಇಡುವುದಕ್ಕೆ ನಾನು ಸಹಿ ಹಾಕಲಾರೆ. ಎಲ್ಲಕ್ಕೂ ಮಿಗಿಲಾಗಿ, ನಮ್ಮ ಗೇರು ಬೀಡು ಕಬ್ಬಿಣದ್ದು. ಅದರಲ್ಲಿ ಇಂಗಾಲ ಹೆಚ್ಚಿರುವುದರಿಂದ ಲೇಸರಿನಲ್ಲಿ ಬಿರುಕು ಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಬಹುದು ಸರಿ; ಆದರೆ ರಾಕೆಟ್ಟಿಗೆ ಒಪ್ಪುವ ಖರ್ಚು ಪಲ್ಪರಿಗೆ ಒಪ್ಪುವುದಿಲ್ಲ. ಸ್ವೀಡನ್ನಿನ ಆರ್ಕಾಮ್ ಕಂಪನಿ ಬೆಳೆಸಿದ ಇನ್ನೊಂದು ವಿಧಾನದಲ್ಲಿ ಲೇಸರಿನ ಬದಲು ನಿರ್ವಾತದಲ್ಲಿ ಎಲೆಕ್ಟ್ರಾನ್ ಕಿರಣ ಬಳಸುತ್ತಾರೆ. ಅಲ್ಲಿ ಹಾಸೇ ಚೆನ್ನಾಗಿ ಕಾದಿರುವುದರಿಂದ ಸೆಳೆತ ಕಡಿಮೆ, ಸೊಂಟದ ಕೀಲಿನಂಥ ಟೈಟಾನಿಯಮ್ ಭಾಗಗಳಿಗೆ ಬಲು ಚೆನ್ನ. ನಮಗೆ ಅದರ ಗೊಡವೆ ಬೇಡ.

ಅಂಟಿನ ವಿಧಾನ ಹುಟ್ಟಿದ್ದು ಬಾಸ್ಟನ್ ಬಳಿಯ ಎಂಐಟಿಯಲ್ಲಿ, ಇಮ್ಯಾನ್ಯುಯೆಲ್ ಸ್ಯಾಕ್ಸ್, ಮೈಕೇಲ್ ಸೀಮಾ ಮುಂತಾದವರಿಂದ. ಪೇಟೆಂಟಿನ ಅರ್ಜಿ 1989ರದು. ಇಲ್ಲಿ ಮುದ್ರಿಸುವಾಗ ಕರಗಿಸುವ ಪ್ರಶ್ನೆಯೇ ಇಲ್ಲ, ಪುಡಿಯ ಮೇಲೆ ಅಂಟನ್ನು ಹನಿಹನಿಯಾಗಿ ಬಿಡುತ್ತಾರೆ. ಆದ್ದರಿಂದ ವೇಗ ಹೆಚ್ಚು, ಸೆಳೆತವಿಲ್ಲ, ಆಧಾರವೂ ಬೇಡ. ಲೋಹದ ಪುಡಿಗೆ ಹೀಗೆ ಅಂಟು ಹಾಕಿದರೆ ಸಿಗುವುದು ಮುಟ್ಟಿದರೆ ಮುರಿಯುವ ಹಸಿ ವಸ್ತು. ಅದನ್ನು ಕುಲುಮೆಯಲ್ಲಿ ಸುಡಬೇಕು, ಸ್ಟೀಲಾದರೆ 1300 ಡಿಗ್ರಿ ದಾಟಿದ ಶಾಖದಲ್ಲಿ. ಕುಂಬಾರನ ಮಡಕೆ ಆವಿಗೆಯಲ್ಲಿ ಕುಗ್ಗುವ ಹಾಗೆ ಇದೂ ಕುಗ್ಗುತ್ತದೆ, ಉದ್ದ ಅಗಲ ಎತ್ತರಗಳಲ್ಲಿ ಒಂದೊಂದರಲ್ಲೂ ನೂರಕ್ಕೆ 15ರಿಂದ 20ರಷ್ಟು. ದಪ್ಪ ಭಾಗಗಳು ತಮ್ಮ ಭಾರಕ್ಕೇ ಜೋಲುತ್ತವೆ. ಎಷ್ಟು ಕುಗ್ಗುತ್ತದೆಂದು ನಾಲ್ಕಾರು ಸಲ ಮಾಡಿ ನೋಡಿಯೇ ಅಳತೆ ಹೊಂದಿಸಬೇಕು. ಒಂದೇ ಬಗೆಯ ಸಣ್ಣ ಭಾಗ ಸಾವಿರಗಟ್ಟಲೆ ಬೇಕಾದವರಿಗೆ ಆ ಶ್ರಮ ಸಾರ್ಥಕ. ಒಂದು ಗೇರು ಬೇಕಾದವರಿಗಲ್ಲ.

ಅದೇ ಅಂಟನ್ನು ಮರಳಿಗೆ ಹಾಕಿದಾಗ ಮಾತು ಬೇರೆಯಾಗುತ್ತದೆ. ಬೆಳೆಗಾರರಿಗೆ ನಿಜವಾಗಿ ಒದಗುವುದು ಇದೇ ಎಂದು ನನಗೆ ಅನ್ನಿಸಿರುವುದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ಇಲ್ಲಿ ಮುದ್ರಿಸುವುದು ಗೇರನ್ನಲ್ಲ, ಗೇರನ್ನು ಎರೆಯುವ ಅಚ್ಚನ್ನು. ಫೌಂಡ್ರಿಯವರು ಬಳಸುವ ಮರಳನ್ನೇ ಹಾಸಿ, ಅವರು ಬಳಸುವ ಜಾತಿಯ ರಾಳವನ್ನೇ ಅಂಟಾಗಿ ಬಿಟ್ಟು, ಅಚ್ಚಿನ ಮೇಲಿನ ಅರ್ಧ, ಕೆಳಗಿನ ಅರ್ಧ, ಒಳಗಿನ ಕೋರು ಎಲ್ಲವನ್ನೂ ನೇರವಾಗಿ ಮುದ್ರಿಸುತ್ತಾರೆ. ಮರದ ಪ್ಯಾಟರ್ನಿನ ಕೆಲಸವೇ ಇಲ್ಲ. ಪದರ ಸುಮಾರು 0.3 ಮಿಲಿಮೀಟರ್ ದಪ್ಪವಿರುವುದರಿಂದ ಬೇಗ ಮುಗಿಯುತ್ತದೆ. ಜರ್ಮನಿಯ ವಾಕ್ಸಲ್‌ಜೆಟ್ ಕಂಪನಿಯ ದೊಡ್ಡ ಯಂತ್ರದ ಪೆಟ್ಟಿಗೆ 4 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ. ಇಡೀ ಪಲ್ಪರಿನ ಚೌಕಟ್ಟೇ ಅದರಲ್ಲಿ ಹಿಡಿಸುತ್ತದೆ. ಆ ಅಚ್ಚಿಗೆ ಎರೆಯುವುದು ಎಂದಿನ ಬೀಡು ಕಬ್ಬಿಣ. ಅಂದರೆ ಹಳೆಯ ಗೇರಿನ ಜಾತಿಯ ಲೋಹವೇ ಹೊಸ ಗೇರಿನಲ್ಲೂ ಇರುತ್ತದೆ, ಅದೇ ಸವೆತ ತಾಳುವ ಗುಣ ಬರುತ್ತದೆ. ಬೆಳಗಾವಿ, ಶಿವಮೊಗ್ಗಗಳಲ್ಲಿ ಎರಕದ ಕಸುಬು ಬೇರೂರಿದೆ, ಪಕ್ಕದ ಕೊಯಮತ್ತೂರಿನ ಮಾತು ಹೇಳಬೇಕಾದುದಿಲ್ಲ. ಹೊಸತಾಗಿ ಕಲಿಯಬೇಕಾದದ್ದು ಅಚ್ಚಿನ ಭಾಗ ಮಾತ್ರ. ಮರಳಚ್ಚು ಮುದ್ರಿಸಿಕೊಡುವ ಕೇಂದ್ರಗಳು ಭಾರತದಲ್ಲೂ ಇವೆ.

ದೋಷಗಳಿಲ್ಲವೆಂದಲ್ಲ. ಒಂದು ಅಚ್ಚು ಒಂದೇ ಎರಕಕ್ಕೆ. ಒಡೆದೇ ವಸ್ತುವನ್ನು ತೆಗೆಯಬೇಕು. ಒಂದೇ ಗೇರು ನೂರಾರು ಬೇಕಾದರೆ ಮರದ ಪ್ಯಾಟರ್ನೇ ಅಗ್ಗ. ಅಂಟು ಹೆಚ್ಚಾದರೆ ಎರೆಯುವಾಗ ಹೊಗೆಯಾಗಿ ಎದ್ದು ಲೋಹದಲ್ಲಿ ಗುಳ್ಳೆ ಬಿಡುತ್ತದೆ. ಮೈ ಮರಳು ಮರಳಾಗಿ ಬರುವುದರಿಂದ ಹಲ್ಲನ್ನೂ ಶಾಫ್ಟಿನ ತೂತನ್ನೂ ಮೆಷೀನಿನಲ್ಲಿ ಚೊಕ್ಕಟ ಮಾಡಿಸಲೇಬೇಕು. ಅಚ್ಚು ಬಿಸ್ಕತ್ತಿನ ಹಾಗೆ. ಅದನ್ನು ಲಾರಿಯಲ್ಲಿ ಹೇರಿ ನಮ್ಮ ಘಾಟಿ ರಸ್ತೆಯಲ್ಲಿ ತಂದರೆ ಊರಿಗೆ ತಲುಪುವುದು ಬರೀ ಮರಳು. ಫೌಂಡ್ರಿಯ ಸಮೀಪದಲ್ಲೇ ಮುದ್ರಿಸಿ, ಅಲ್ಲೇ ಎರೆಸಿ, ಗೇರನ್ನು ಮಾತ್ರ ತರಿಸಬೇಕು. ಅಂದಮೇಲೆ ಈ ಯಂತ್ರವನ್ನಂತೂ ಸಂಘದ ಕಟ್ಟಡದಲ್ಲಿ ಇಡುವುದರಲ್ಲಿ ಅರ್ಥವಿಲ್ಲ.

ಉಳಿದದ್ದು ನೈಲಾನಿನ ಯಂತ್ರ. ತರುಣ ಮಿತ್ರರ ಕಣ್ಣಿರುವುದೂ ಅದರ ಮೇಲೆಯೇ. ಲೇಸರ್ ವಿಧಾನದ ಮುಖ್ಯ ಪೇಟೆಂಟು 2014ರಲ್ಲಿ ಮುಗಿದ ಮೇಲೆ ಸಣ್ಣ ಯಂತ್ರಗಳು ಬಂದವು; 2021ರಲ್ಲಿ ಅಮೆರಿಕದ ಫಾರ್ಮ್‌ಲ್ಯಾಬ್ಸ್ ಕಂಪನಿ ಸುಮಾರು 18,500 ಡಾಲರಿನಿಂದ ಶುರುವಾಗುವ ಯಂತ್ರ ತಂದಿತು. ಕೋಟಿ ಲೆಕ್ಕದ ಯಂತ್ರಗಳ ಮುಂದೆ ಇದು ಅಗ್ಗವೇ, ಒಪ್ಪಿದೆ. ಆದರೆ ಯಂತ್ರದ ಬೆಲೆಯೊಂದೇ ಖರ್ಚಲ್ಲ. ಪುಡಿ ಜರಡಿ ಹಿಡಿಯುವುದಕ್ಕೂ ವಸ್ತುವನ್ನು ಶುಚಿಮಾಡುವುದಕ್ಕೂ ಬೇರೆ ಸಾಧನ ಬೇಕು. ಮುದ್ರಣದ ನಡುವೆ ವಿದ್ಯುತ್ ಹೋದರೆ ಆ ಪೆಟ್ಟಿಗೆಯ ಕೆಲಸ ಹಾಳು. ನಮ್ಮ ಫೀಡರಿನ ಕಥೆ, ಅದರಲ್ಲೂ ಮಳೆಗಾಲದಲ್ಲಿ, ನಾನು ಹೇಳಬೇಕೇ? ಜೂನಿನಿಂದ ನಮ್ಮಲ್ಲಿ ಸಕ್ಕರೆ ಡಬ್ಬದಲ್ಲೇ ಹೆಂಟೆಗಟ್ಟುತ್ತದೆ. ಸರಾಗವಾಗಿ ಹರಿದರೆ ಮಾತ್ರ ನೆಟ್ಟಗೆ ಹಾಸುವ ಪುಡಿಗೆ ಆ ತೇವ ಆಗಿಬರುವುದಿಲ್ಲ. ಪೆಟ್ಟಿಗೆ ತುಂಬದೆ ಓಡಿಸಿದರೆ ಪುಡಿ ಸುಮ್ಮನೆ ಮುಪ್ಪಾಗುತ್ತದೆ. ನಮಗೆ ಬೇಕಾಗುವುದೋ ಕುಯ್ಲಿನ ಮೂರು ತಿಂಗಳಲ್ಲಿ ಒಮ್ಮೆಗೇ, ಉಳಿದ ಒಂಬತ್ತು ತಿಂಗಳು ಏನೂ ಇಲ್ಲ. ಅಷ್ಟು ಕಾಲ ಅದನ್ನು ನೋಡಿಕೊಳ್ಳಲು ತರಬೇತಾದ ಹುಡುಗನಿಗೆ ಸಂಬಳ ಕೊಡಬೇಕು, ಅವನು ಬೆಂಗಳೂರಿಗೆ ಹೋಗದಂತೆಯೂ ನೋಡಿಕೊಳ್ಳಬೇಕು.

ಹೊರಗಿನ ಅಪಾಯಗಳೂ ಇವೆ. 2012ರ ಮಾರ್ಚ್ 31ರಂದು ಜರ್ಮನಿಯ ಮಾರ್ಲ್ ಎಂಬಲ್ಲಿ ಎವೋನಿಕ್ ಕಂಪನಿಯ ಒಂದು ಘಟಕದಲ್ಲಿ ಸ್ಫೋಟವಾಗಿ ಇಬ್ಬರು ಕೆಲಸಗಾರರು ಸತ್ತರು. ನೈಲಾನ್ 12ರ ಮೂಲವಸ್ತು ತಯಾರಾಗುತ್ತಿದ್ದುದು ಅಲ್ಲಿ. ಆ ಒಂದು ಘಟಕ ನಿಂತದ್ದಕ್ಕೆ ಜಗತ್ತಿನ ಮೋಟಾರು ಕಂಪನಿಗಳೆಲ್ಲ ನೈಲಾನ್ 12ಕ್ಕೆ ಪರದಾಡಿದವು. ಅಂಟಿನ ಯಂತ್ರಗಳಲ್ಲಿ ಹೆಸರು ಮಾಡಿದ್ದ ಅಮೆರಿಕದ ಎಕ್ಸ್‌ಒನ್ ಕಂಪನಿಯನ್ನು 2021ರಲ್ಲಿ ಡೆಸ್ಕ್‌ಟಾಪ್ ಮೆಟಲ್ ಎಂಬ ಕಂಪನಿ ಕೊಂಡಿತು, 2025ರ ಜುಲೈನಲ್ಲಿ ಆ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಬಿಡಿಭಾಗ ಸಿಗದ ಪಲ್ಪರಿಗಾಗಿ ಯಂತ್ರ ತಂದು, ಆಮೇಲೆ ಆ ಯಂತ್ರದ ಬಿಡಿಭಾಗ ಹುಡುಕುವ ಪಾಡು ನಮಗೆ ಬೇಕೇ? ‘ಹತ್ತು ವರ್ಷದ ಮೇಲೆ ಎಲ್ಲರ ಬಳಿಯೂ ಇರುತ್ತದೆ, ನಾವೇ ಹಿಂದೆ ಬೀಳುತ್ತೇವೆ’ ಎಂಬ ವಾದವನ್ನೂ ಕೇಳಿದ್ದೇನೆ. ಹತ್ತು ವರ್ಷದ ಮೇಲೆ ಅಗ್ಗವಾಗುವುದಾದರೆ ಆಗಲೇ ಕೊಳ್ಳಬಹುದು. ಬೆಂಗಳೂರಿನಲ್ಲಿ ಕೂಲಿಗೆ ಮುದ್ರಿಸಿಕೊಡುವವರು ಈಗಲೇ ಇದ್ದಾರೆ, ಅವರ ಪೆಟ್ಟಿಗೆ ವರ್ಷವಿಡೀ ತುಂಬಿರುತ್ತದೆ. ನಮ್ಮ ಹತ್ತು ವಾಲ್ವು ಅದರ ಮೂಲೆಯಲ್ಲಿ ಕೂತು ಬರಲಿ.

ಹಾಗಾದರೆ ಕಟ್ಟಡ ನಿಧಿಯ ಹಣಕ್ಕೆ ಏನು ಕೆಲಸ? ಈ ಎಲ್ಲ ವಿಧಾನಗಳಿಗೂ ಮೊದಲು ಬೇಕಾದದ್ದು ಯಂತ್ರವಲ್ಲ, ಕಂಪ್ಯೂಟರಿನಲ್ಲಿ ಸರಿಯಾಗಿ ಬರೆದ ನಕ್ಷೆ. ಅದಿಲ್ಲದೆ ಲೇಸರೂ ಇಲ್ಲ, ಮರಳೂ ಇಲ್ಲ. ನಮ್ಮ ಸದಸ್ಯರ ಪಲ್ಪರುಗಳು, ಸುಲಿಯುವ ಯಂತ್ರಗಳು, ಪಂಪುಗಳು ಒಟ್ಟು ಎಷ್ಟು ಬಗೆ? ಬೇಸಗೆಯಲ್ಲಿ ಯಂತ್ರ ಬಿಚ್ಚಿದ್ದಾಗ ಬೇಗ ಮುರಿಯುವ ಭಾಗಗಳನ್ನು ಅಳೆದು, ಒಬ್ಬ ಡ್ರಾಫ್ಟ್‌ಮನ್ ಕೈಯಲ್ಲಿ ನಕ್ಷೆ ಬರೆಸಿ, ಸಂಘದ ಕಚೇರಿಯಲ್ಲಿ ಇಟ್ಟರೆ, ಡಿಸೆಂಬರಿನಲ್ಲಿ ಮುರಿದ ದಿನವೇ ನಕ್ಷೆ ಫೌಂಡ್ರಿಗೆ ಹೋಗುತ್ತದೆ. ಅಳೆಯುವುದಕ್ಕೂ ತಿಳಿವಳಿಕೆ ಬೇಕು. ಸವೆದ ಗೇರನ್ನು ಸ್ಕ್ಯಾನ್ ಮಾಡಿದರೆ ಬರುವುದು ಸವೆದ ಗೇರಿನ ನಕ್ಷೆ. ಹಲ್ಲಿನ ಎಣಿಕೆ, ಎರಡು ಶಾಫ್ಟುಗಳ ನಡುವಿನ ಅಂತರ, ಅದರೊಡನೆ ಕೂಡುವ ಇನ್ನೊಂದು ಗೇರು, ಇವನ್ನೆಲ್ಲ ನೋಡಿ ಮೂಲ ಅಳತೆಯನ್ನು ಲೆಕ್ಕ ಹಾಕಬೇಕು. ಎರಕಕ್ಕೆ ಕೊಡುವಾಗ ಕಬ್ಬಿಣ ತಣಿದು ನೂರಕ್ಕೆ ಒಂದರಷ್ಟು ಕುಗ್ಗುವುದನ್ನೂ ಸೇರಿಸಬೇಕು. ಎಂಜಿನಿಯರಿಂಗ್ ಓದಿದ ನಮ್ಮ ತರುಣ ಸದಸ್ಯರ ನೆರವು ಬೇಕಾಗಿರುವುದು ಇಲ್ಲಿ. ಪಲ್ಪರ್ ಡ್ರಮ್ಮಿನ ಉಬ್ಬು ಹೊಡೆದ ತಾಮ್ರದ ತಗಡಿನಂಥದಕ್ಕೆ ಈ ಯಾವುದೂ ಬೇಡ, ಅದನ್ನು ಮಾಡುವ ಕೈಗಳು ಇನ್ನೂ ಇವೆ.

ನಕ್ಷೆಯ ಕೆಲಸಕ್ಕೆ ಪ್ರತ್ಯೇಕ ಲೆಕ್ಕ ತೆರೆಯಬೇಕೆಂದೂ, ಮೊದಲ ವರ್ಷ ಮರಳಚ್ಚಿನಲ್ಲಿ ಎರಡು ಗೇರು, ನೈಲಾನಿನಲ್ಲಿ ಒಂದು ಪೆಟ್ಟಿಗೆ ಪಂಪಿನ ಭಾಗಗಳನ್ನು ಕೂಲಿಗೆ ಮಾಡಿಸಿ ನೋಡಬೇಕೆಂದೂ ಸಭೆಯಲ್ಲಿ ಸೂಚಿಸಲಿದ್ದೇನೆ. ಯಾರ ಬಳಿಯಾದರೂ ಹಳೆಯ ಪಲ್ಪರಿನ, ಬಳಸದೆ ಉಳಿದ ಹೊಸ ಗೇರು ಅಟ್ಟದ ಮೇಲೆ ಎಲ್ಲಾದರೂ ಬಿದ್ದಿದ್ದರೆ, ತುಕ್ಕು ಹಿಡಿದಿದ್ದರೂ ಅಡ್ಡಿಯಿಲ್ಲ, ಸಭೆಗೆ ಬರುವಾಗ ತರಬೇಕಾಗಿ ಕೋರುತ್ತೇನೆ. ಅಳೆದುಕೊಂಡು ಹಿಂತಿರುಗಿಸಲಾಗುವುದು, ಕಚೇರಿಯಿಂದ ರಸೀದಿ ಪಡೆದುಕೊಳ್ಳಿ.